ಗೂಡಿನ ದರ

ಶಿಡ್ಲಘಟ್ಟದ ಜೂನಿಯರ್ ಕಾಲೇಜು, ಎರಡನೇ ಪೀರಿಯಡ್ಡು.
ಗೂಡು ಬೇಯುವ ವಾಸನೆ ಕಿಟಕಿಯಿಂದ ಬರುತ್ತದೆ,
ಹೊಸಬರು ಕರ್ಚೀಫು ಹಿಡಿಯುತ್ತಾರೆ,
ನಾನು ಹಾಜರಿ ಪುಸ್ತಕ.

ಬೋರ್ಡಿನ ಮೇಲೆ ಎಸ್, ದುಂಡಗೆ.
ಪಕ್ಕದಲ್ಲಿ ಪಿ, ನಡು ಹಿಂಡಿದ ಹಾಗೆ.
ಕಡೆಯ ಬೆಂಚಿನ ಶಬರೀನ್ ಎದ್ದಳು:
'ಮಿಸ್, ಗೂಡು ಕಟ್ಟುವಾಗ ಹುಳು ಹೀಗೇ ತಲೆ ಆಡಿಸೋದು,
ಎಂಟರ ಹಾಗೆ. ನಮ್ಮ ೮ ಅಲ್ಲ, ಇಂಗ್ಲಿಷಿನದು.'
ಎಲ್ಲರೂ ನಕ್ಕರು. ನಾನೂ ನಕ್ಕೆ,
ಆಮೇಲೆ ನಗಲಿಲ್ಲ.

ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ:
ಆರ್ಬಿಟಲ್ ಎಂದರೆ ಮನೆ, ಎಲೆಕ್ಟ್ರಾನ್ ಬಾಡಿಗೆಗಿದೆ,
ಮಹಡಿಯ ಮೇಲೆ ಮಹಡಿ.
ಸುಳ್ಳು.
ಗೋಡೆಗೆ ಒರಗಿಸಿದ ಖಾಲಿ ಚಂದ್ರಿಕೆಯಲ್ಲ ಅದು,
ಹುಳು ಬರಲೆಂದು ಕಾಯುವುದಿಲ್ಲ.
ಎಲ್ಲಿ ಸಿಕ್ಕೀತು ಎಂಬುದರ ಆಕಾರ ಅಷ್ಟೆ,
ಇಲ್ಲಿ ದಟ್ಟ, ಅಲ್ಲಿ ತೆಳು,
ಅಂಚೆಲ್ಲಿ ಎಂದರೆ ಹೇಳಲಾರೆ.

'ಹಾಗಾದ್ರೆ ಎನರ್ಜಿ?'
ದರ, ಎಂದೆ. ಹರಾಜಿನಲ್ಲಿ ಲಾಟಿಗೆ ಬೀಳುತ್ತದಲ್ಲ, ಹಾಗೆ.
ದರ ಗೂಡಲ್ಲ, ಗೂಡು ದರವಲ್ಲ,
ಆದರೂ ದರವಿಲ್ಲದ ಗೂಡು ಈ ಊರಲ್ಲಿ ಉಂಟೇ?
ಮೂರು ಪಿ ಮೂರು ದಿಕ್ಕಿಗೆ ಮಲಗಿವೆ,
ಮೂರಕ್ಕೂ ಒಂದೇ ದರ.
ಹೈಡ್ರೋಜನ್ನಿನಲ್ಲಂತೂ ಇರುವುದೇ ಒಂದು,
ಎರಡನೆಯ ಸುತ್ತಿನ ದುಂಡಕ್ಕೂ ಉದ್ದಕ್ಕೂ ಭೇದವಿಲ್ಲ.
ಒಂಟಿಗೆ ಯಾವ ಮೇಲು, ಯಾವ ಕೀಳು?
ಇನ್ನೊಂದು ಬರಲಿ, ಮತ್ತೊಂದು ಬರಲಿ,
ನಡುಮನೆಯನ್ನು ಒಂದಕ್ಕೊಂದು ಮರೆ ಮಾಡಲಿ,
ಆಗ ಶುರು, ನೀನು ಹತ್ತಿರ ನಾನು ದೂರ,
ಅದೇ ಸುತ್ತಿನಲ್ಲಿ ಬೇರೆ ಬೇರೆ ದರ.
ಸ್ಟಾಫ್ ರೂಮು ನೆನಪಾಯಿತು. ಹೇಳಲಿಲ್ಲ.

ಲ್ಯಾಬಿನಲ್ಲಿ ಅಟೆಂಡರ್ ಅಕ್ಕುಲಪ್ಪ
ತಂತಿಯ ಕುಣಿಕೆಗೆ ಅಡುಗೆ ಉಪ್ಪು ತಾಗಿಸಿ
ಉರಿಗೆ ಹಿಡಿದ. ಭಗ್ಗನೆ ಹಳದಿ.
ಮೂರು-ಪಿಯಿಂದ ಮೂರು-ಎಸ್‌ಗೆ
ದರ ಇಳಿದಷ್ಟೇ ಬೆಳಕು,
ಕಾಸು ಹೆಚ್ಚಿಲ್ಲ, ಕಾಸು ಕಮ್ಮಿಯಿಲ್ಲ.
'ಗೂಡಿನ ದರ ಬಿದ್ದರೆ ನಮ್ಮಬ್ಬ ಜಿಲೇಬಿ ತರ್ತಾರೆ,' ಶಬರೀನ್.
ಅವರದು ರೀಲಿಂಗ್.
ಮೇಲೂರಿನ ಮುನಿಲಕ್ಷ್ಮಿ ತಿರುಗಿ ನೋಡಿದಳು.
ಅವರದು ಹುಳುಮನೆ.
ಅಕ್ಕುಲಪ್ಪ ಬರ್ನರ್ ಆರಿಸಿದ.

ರೆಕಾರ್ಡಿನಲ್ಲಿ, ತೀರ್ಮಾನ ಎಂದಿದ್ದ ಕಡೆ,
ಪೆನ್ಸಿಲಿನಲ್ಲಿ ಬರೆದಿದ್ದಳು ಶಬರೀನ್:
'ಎಂಟರ ನಡುವೆ ಅದು ಎಂದೂ ಇರಲ್ಲ ಅಂದ್ರಿ.
ನಡು ದಾಟದೆ ಆ ಕಡೆ ಹೇಗೆ ಹೋಯ್ತು?
ಹುಳು ಆದ್ರೆ ದಾಟುತ್ತೆ. ನೂಲೇ ಸಾಕ್ಷಿ.'

ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಹೊರಟೆ.
ಮಾರ್ಕೆಟ್ಟಿನ ಹಿಂದೆ ಬದಲಾಯಿಸದೆ ಬಿಟ್ಟ
ಒಂದೇ ಒಂದು ಸೋಡಿಯಂ ದೀಪ,
ಅಕ್ಕುಲಪ್ಪನದೇ ಹಳದಿ.
ನಾಳೆಯ ಲಾಟುಗಳನ್ನು ಆಟೋದಿಂದ ಇಳಿಸುತ್ತಿದ್ದರು.
ನೆರಳು ನನ್ನ ಹಿಂದಿತ್ತು.
ಆಮೇಲೆ ಮುಂದೆ.