ಅಡಿಟಿಪ್ಪಣಿ ಹದಿನೇಳು

ರೋಸ್ಟಾಕಿನಲ್ಲಿ ಆ ಚಳಿಗಾಲವಿಡೀ ನನ್ನ ಕೆಲಸ ಇಷ್ಟೆ:
ಔಷಧಿ ಅಂಗಡಿಯ ಮುಂದೆ ಮಡಚುವ ಕುರ್ಚಿ ಹಾಕಿ ಕೂತು
ಕೆಂಪಿಗೆ ಯಾರು ನಿಂತರು, ಯಾರು ದಾಟಿದರು,
ಅಂಗೈಯೊಳಗಿನ ಎಣಿಕೆಯಂತ್ರವನ್ನು
ಟಿಕ್ಕೆನಿಸುವುದು.

ಪ್ರೊಫೆಸರ್ ಹೆನ್ರಿಕೆ ಲೋಝೆ ಅವರಿಗೆ ಒಂದು ಸೂತ್ರ ಬೇಕಿತ್ತು.
ಬೀಳುವ ಸೇಬಿಗೂ ತಿರುಗುವ ಚಂದ್ರನಿಗೂ
ಒಂದೇ ಸಾಲಿನ ಲೆಕ್ಕ ಸಾಕಾಗಿರುವಾಗ
ಮನುಷ್ಯರಿಗೊಂದು ಬೇಡವೇ? ಎನ್ನುತ್ತಿದ್ದರು,
ಥರ್ಮಾಸಿನ ಮುಚ್ಚಳದಲ್ಲಿ ನನಗೂ ಕಾಫಿ ಬಗ್ಗಿಸುತ್ತ.

ಸೂತ್ರ ಹೊಸ್ತಿಲವರೆಗೆ ಬಂದಿತ್ತು, ಸುಳ್ಳಲ್ಲ.
ಮಗುವೊಂದು ನೋಡುತ್ತಿದ್ದರೆ ಹತ್ತರಲ್ಲಿ ಒಂಬತ್ತು ಜನ ನಿಲ್ಲುತ್ತಾರೆ.
ನಾಯಿ ನೋಡಿದರೆ ನಿಲ್ಲುವುದಿಲ್ಲ.
ಒಬ್ಬ ದಾಟಿದರೆ ಅವನ ಬೆನ್ನಿಗೇ ಮೂವರು,
ಅವನ ಕೋಟು ದುಬಾರಿಯದಾದರೆ ಐವರು.
ಮಳೆ ಹನಿದರೆ ಸಾಕು
ಧರ್ಮ ಅರ್ಧಕ್ಕಿಳಿಯುತ್ತದೆ.

ಚುಕ್ಕಿಗಳೆಲ್ಲ ಒಂದೊಂದೇ ಬಂದು
ಗೆರೆಯ ಮಗ್ಗುಲಲ್ಲಿ ಬೆಚ್ಚಗೆ ಮಲಗಿದವು.
ಒಂದನ್ನು ಬಿಟ್ಟು.

ರಾತ್ರಿ ಮೂರು ಹತ್ತು. ಹಿಮ.
ಕಾರಿಲ್ಲ, ಮಗುವಿಲ್ಲ, ಟ್ರಾಮಿನ ತಂತಿಗೂ ನಿದ್ದೆ.
ಬೇಕರಿಯ ಒಲೆ ತಿಕ್ಕುವ ಡೆಟ್ಲೆಫ್ ಕ್ರಾನ್
ಕೆಂಪಿನೆದುರು ಬಂದು ನಿಲ್ಲುತ್ತಾನೆ.
ಮೀಸೆ ಬೆಳ್ಳಗಾಗುವಷ್ಟು ಹೊತ್ತು,
ಹಸಿರಾದ ಮೇಲೂ ಅರೆಗಳಿಗೆ.
ನಲವತ್ತೊಂದು ರಾತ್ರಿ. ಒಂದೂ ತಪ್ಪದೆ.

ಹೆನ್ರಿಕೆ ಅವನಿಗಾಗಿಯೇ ಎರಡು ಊಹೆ ಕಟ್ಟಿದರು,
ಮೂರನೆಯದನ್ನು ಬರ್ಲಿನ್ನಿನ ಗೆಳೆಯರಿಂದ ಎರವಲು ತಂದರು:
ಹಳೆಯ ಆಳ್ವಿಕೆಯಲ್ಲಿ ಬೆಳೆದ ಜೀವ,
ಭಯ ಮೂಳೆಗಿಳಿದಿದೆ.
ನಾನೂ ತಲೆಯಾಡಿಸಿದೆ. ನನಗೇನು ಗೊತ್ತು.

ಕೊನೆಯ ರಾತ್ರಿ, ಮಾತಾಡಕೂಡದೆಂಬ ಕಟ್ಟಳೆ ಮುರಿದು,
ಕೇಳಿಯೇಬಿಟ್ಟೆ.
ಅವನು ಕೈಗವಸು ಕಳಚಿ ಮೂಗೊರೆಸಿಕೊಂಡ.
"ನೀನು ಬರುವ ಮುಂಚೆ ನಾನಿಲ್ಲಿ ಯಾವತ್ತು ನಿಂತಿದ್ದೆ?
ಈ ಹೊತ್ತಿಗೆ ಈ ದಾರಿಯಲ್ಲಿ ಬರುವವನು ನಾನೊಬ್ಬ.
ದಾಟಿಬಿಟ್ಟರೆ ನಿನಗೆ ಒಂದು ಟಿಕ್, ಅಷ್ಟೆ.
ನಿಂತರೆ, ಪಾಪ, ಒಂದು ನಿಮಿಷ ಜೊತೆಯಾದರೂ."

ಪುಸ್ತಕ ಬಂತು. ಮುನ್ನೂರು ಪುಟ, ದಪ್ಪ ರಟ್ಟು.
ಡೆಟ್ಲೆಫ್ ಅದರಲ್ಲಿ ಅಡಿಟಿಪ್ಪಣಿ ಹದಿನೇಳು:
ಒಂದು ಪ್ರಕರಣವನ್ನು ಲೆಕ್ಕದಿಂದ ಕೈಬಿಡಲಾಗಿದೆ,
ವೀಕ್ಷಕರ ಸಾನ್ನಿಧ್ಯದಿಂದ ಕಲುಷಿತ.

ಸೂತ್ರ ತಪ್ಪೆಂದು ನಾನು ಹೇಳಲಾರೆ.
ಮಗು ಕಂಡರೆ ನಾನೂ ನಿಲ್ಲುತ್ತೇನೆ,
ಒಳ್ಳೆಯ ಕೋಟಿನ ಹಿಂದೆ ನನ್ನ ಕಾಲೂ ತಾನಾಗಿ ಎದ್ದುಬಿಡುತ್ತದೆ.
ಆದರೆ ಯಾವುದೋ ಊರು, ಅಪರಾತ್ರಿ,
ಖಾಲಿ ಬೀದಿಯಲ್ಲಿ ಕೆಂಪು ಉರಿಯುತ್ತಿದ್ದರೆ
ಆಚೆ ಬದಿಯಲ್ಲಿ ಯಾರಾದರೂ
ಕುರ್ಚಿ ಹಾಕಿ ಕೂತಿದ್ದಾರೆಯೇ ಎಂದು
ಒಮ್ಮೆ ನೋಡಿ
ಆಮೇಲೆ ದಾಟುತ್ತೇನೆ.