ತಾಯಿ ಕಡೆಯ ಸಾಲು

ಅಕ್ಕಿಕಾಳಿನಷ್ಟು ಚರ್ಮ ಸಾಕು ಎಂದಿದ್ದಳು ಲವೀನಾ ಬಾರೆಟೊ.
ನಾನು ತೊಗರಿಬೇಳೆಯಷ್ಟು ಕೊಯ್ದೆ,
ಸತ್ತದ್ದಕ್ಕೆ ನೋವಿಲ್ಲವಲ್ಲ ಎಂದು.

ಗಾಲ್ಜಿಬಾಗಿನ ಗಾಳಿಮರಗಳ ಕೆಳಗೆ ಬೆಳಗಿನ ಆರು ಗಂಟೆ.
ಹಸಿರು ನೈಲಾನು ಬಲೆ ಇನ್ನೂ ಕತ್ತಿನಲ್ಲೇ ಇತ್ತು.
ಕಾವಲಿನ ಕುಷ್ಟಾ ಪಾಗಿ ಹಚ್ಚದ ಬೀಡಿ ಹಿಡಿದು ನಿಂತಿದ್ದ.
'ಕಾಸವ್' ಎಂದ, ಒಂದೇ ಸಲ,
ತೀರಿಹೋದ ನೆರೆಮನೆಯವಳ ಹೆಸರು ಹೇಳಿದ ಹಾಗೆ.

ಕಿರುಬೆರಳುದ್ದದ ಶೀಸೆ, ಮುಕ್ಕಾಲು ಸ್ಪಿರಿಟ್ಟು.
ಚೀಟಿಯಲ್ಲಿ ತುಂಬಬೇಕಾದ್ದು ತಾರೀಖು, ದಂಡೆ,
ಚಿಪ್ಪಿನ ಉದ್ದ, ಚಿಪ್ಪಿನ ಅಗಲ.
ಊರು ಎಂಬ ಕಲಮಿಲ್ಲ.
ಅದನ್ನು ಯಂತ್ರ ಹೇಳುತ್ತದೆ, ಮೂರು ವಾರ ಕಳೆದು.

ಆ ಕಲಮು ನನಗೆ ಗೊತ್ತು.
ಬಾಯ್ನಾ ಎಂದು ಬರೆದರೆ
ಗುಮಾಸ್ತ ಕನ್ನಡಕದ ಮೇಲಿಂದ ನೋಡುತ್ತಿದ್ದ:
'ಅದಲ್ಲ. ಮೂಲ?'
ಮೂಲ ರೋಣ ತಾಲೂಕು. ಹೋದದ್ದು ಎರಡು ಸಲ,
ಅದರಲ್ಲಿ ಒಂದು ಸಲ ಅಜ್ಜಿಯ ಮಣ್ಣಿಗೆ.

ಅವ್ವ ಫಕೀರವ್ವ ವಾಸ್ಕೋ ಬಂದರಿನಲ್ಲಿ ಅದಿರಿನ ಧೂಳು ಗುಡಿಸಿದವಳು.
ಅವಳ ಸೀರೆಗಳ ನಿಜವಾದ ಬಣ್ಣ ನಾವು ಯಾರೂ ನೋಡಿಲ್ಲ.
ಹುಣ್ಣಿಮೆಯ ಉಬ್ಬರಕ್ಕೆ ಗುಡಿಸಲೊಳಗೆ ನೀರು ನುಗ್ಗಿದಾಗ
ಕಟ್ಟಿಗೆ ಪೆಟ್ಟಿಗೆಯ ಮೇಲೆ ನನ್ನನ್ನು ಹಡೆದಳಂತೆ.
'ನೀ ಸಮುದ್ರದಾಗ ಹುಟ್ಟಿದಾಕಿ' ಅನ್ನುತ್ತಿದ್ದಳು, ಸಿಟ್ಟು ಬಂದಾಗಲೂ.
ಆಮೇಲೆ ಬುಲ್ಡೋಜರು ಬಂತು.
ಈಗ ಅಲ್ಲಿ ಬರೀ ಮರಳು, ನಿಜವಾದ ದಂಡೆ,
ಫೋಟೊ ತೆಗೆದರೆ ಚೆನ್ನಾಗಿ ಬರುತ್ತದೆ.

ದೋನಾ ಪಾವ್ಲಾದ ಗುಡ್ಡದ ಮೇಲೆ, ಪ್ರಯೋಗಾಲಯದಲ್ಲಿ,
ಲವೀನಾ ಪರದೆ ತೋರಿಸಿ ಹೇಳಿಕೊಡುತ್ತಾಳೆ:
ನಾಲ್ಕೇ ಅಕ್ಷರ. ಎ, ಟಿ, ಜಿ, ಸಿ.
ಈ ತುಣುಕಿನಲ್ಲಿ ಅಪ್ಪ ಬರುವುದೇ ಇಲ್ಲ ನೋಡು,
ಬರೀ ಅವ್ವ, ಅವ್ವನ ಅವ್ವ, ಅವಳವ್ವ.
ನನಗೆ ನಗು ತಡೆಯಲಾಗಲಿಲ್ಲ.
ನಮ್ಮ ಓಣಿಯ ಅರ್ಧ ಮಕ್ಕಳ ಶಾಲೆಯ ರಿಜಿಸ್ಟರು ಹೀಗೇ ಇತ್ತು.
ಮಾಸ್ತರರು ಅದನ್ನು ವಿಜ್ಞಾನ ಅನ್ನಲಿಲ್ಲ.

'ನಿನ್ನದೂ ಓದಿಸಲೇ? ಒಂದು ಹನಿ ರಕ್ತ ಸಾಕು.'
ಬೇಡ, ಅಂದೆ.
ಯಾಕೆ ಎಂದು ಅವಳು ಕೇಳಲಿಲ್ಲ, ಅದು ಒಳ್ಳೆಯದಾಯಿತು.

ಮೂರು ವಾರ ಅಂದದ್ದು ಐದಾಯಿತು.
ಎಂಟುನೂರು ಚಿಲ್ಲರೆ ಅಕ್ಷರಗಳಲ್ಲಿ ಒಂದು ಬೇರೆ:
ಟಿ ಇರುವಲ್ಲಿ ಸಿ.
ಪಟ್ಟಿಯಲ್ಲಿದ್ದ ಯಾವ ದಂಡೆಯ ತಾಯಂದಿರಿಗೂ ಹೊಂದುವುದಿಲ್ಲ.
ಯಾರೂ ಹೋಗಿ ನೋಡದ ಮರಳಿನವಳು ಇರಬಹುದು,
ಅಥವಾ ಆ ಸಾಲಿಗೆ ಇವಳೇ ಕೊನೆಯವಳು.
ಲವೀನಾ ಕುರ್ಚಿಯಿಂದ ಎದ್ದೇ ಬಿಟ್ಟಳು, ಸಂತೋಷವೋ ಭಯವೋ.
ಕೊನೆಗೆ ಊರಿನ ಕಲಮೊಂದನ್ನು ತಾನೇ ಸೇರಿಸಿ
ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.
ಬೇರೆ ಯಾರಾದರೂ ಹಾಕಿದ್ದರೆ ಜಗಳವಾಡುತ್ತಿದ್ದೆ.

ಮಾರ್ಚಿನಲ್ಲಿ ಕುಷ್ಟಾನ ಬೇಲಿಯೊಳಗೆ ಹದಿನೊಂದನೇ ಗೂಡು ಅಲುಗಾಡಿತು.
ಅರವತ್ತೊಂದು ಮರಿಗಳು,
ಕೊಟ್ಟೆಕಡುಬಿನಷ್ಟೂ ಇಲ್ಲ,
ಒಂದರ ಮೇಲೊಂದು ಬಿದ್ದು ಎದ್ದು ನೊರೆಯತ್ತ ನಡೆದವು.
ಒಡೆಯದೆ ಉಳಿದ ಮೊಟ್ಟೆ ಒಂಬತ್ತು.
ಮೂಗು ಮುಚ್ಚಿಕೊಂಡು ಒಂದೊಂದನ್ನೂ ಶೀಸೆಗೆ ಇಳಿಸಿದೆ.
ಏಪ್ರಿಲ್ ಕೊನೆಗೆ ಫಲಿತಾಂಶ:
ಟಿ ಇರುವಲ್ಲಿ ಸಿ.

ಫೋನು ಮಾಡಿ ಹೇಳಿದರೆ ಕುಷ್ಟಾನಿಗೆ ಅಕ್ಷರ ಬೇಕಿಲ್ಲ.
'ಅಂದರೆ ಅವಳು ಮೊದಲು ಇಟ್ಟು ಹೋಗಿದ್ದಳು,
ಆಮೇಲೆ ಬಲೆ' ಎಂದ. ಅವಳೇ, ಇಲ್ಲ ಅವಳ ಅಕ್ಕನೋ ತಂಗಿಯೋ,
ಅಷ್ಟು ಖಾತ್ರಿ ಯಂತ್ರಕ್ಕೂ ಇಲ್ಲ ಎಂದೆ.
'ಹೋದವು ಎಂದು ತಿರುಗಿ ಬರ್ತಾವೆ?'
ಹತ್ತು ಹದಿನೈದು ವರ್ಷ, ಬದುಕಿದ್ದರೆ.
ಆ ಕಡೆಯಿಂದ ಮಾತಿಲ್ಲ. ತನ್ನ ವಯಸ್ಸಿಗೆ ಕೂಡಿಸುತ್ತಿದ್ದಾನೆ.
ಕಡ್ಡಿ ಗೀಚಿದ ಸದ್ದು.

ಜೂನ್. ಗುಡ್ಡದ ಮೇಲೆ ಕರೆಂಟು ಹೋದಾಗಲೆಲ್ಲ
ಎಲ್ಲಕ್ಕಿಂತ ಮೊದಲು ಮೈನಸ್ ಎಂಬತ್ತರ ಪೆಟ್ಟಿಗೆಯ ಹತ್ತಿರ ಓಡುತ್ತೇನೆ,
ಜನರೇಟರು ಹತ್ತುವ ತನಕ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ.
ಒಳಗೆ ಎರಡನೇ ತಟ್ಟೆ, ಎಡ ಮೂಲೆ,
ಆ ತೊಗರಿಬೇಳೆಯಲ್ಲಿ ಮಿಕ್ಕದ್ದಿದೆ.
ಅಕ್ಕಿಕಾಳಿನಷ್ಟು ಸಾಕು ಎಂದಿದ್ದಳಲ್ಲ.