ಸೊನ್ನೆ ಮುರಿದ ಸ್ಕೇಲು

ಸಂತೆಪೇಟೆ ಶಾಲೆಯ ಎರಡನೇ ಕ್ಲಾಸಿಗೆ
ಇರುವುದು ಒಂದೇ ಮರದ ಸ್ಕೇಲು.
ಅದರ ಸೊನ್ನೆ ಯಾವ ಕಾಲಕ್ಕೋ ಮುರಿದಿದೆ,
ಒಂದೂ ಹೋಗಿದೆ.
ಎರಡರಿಂದಲೇ ಲೋಕ ಶುರು.

ನಾನು ಸೇರಿದ ದಿನ ಹೆಡ್‌ಮಿಸ್ಸು
ಬೀರು ತೆಗೆದು ಕೊಟ್ಟದ್ದು ಇದನ್ನೇ.
"ಹೊಡೆಯೋಕಲ್ಲ, ಅಳೆಯೋಕೆ" ಅಂದರು,
ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು.

ಮೊದಲ ವಾರ ಸ್ಕೇಲು ಮುಟ್ಟಲಿಲ್ಲ,
ಮೈಯೇ ಸಾಕು ಎಂದೆ.
ಹೆಬ್ಬೆರಳು ಊರಿ ಅಂಗೈ ಬಿಡಿಸಿದರೆ
ಕಿರುಬೆರಳು ಎಷ್ಟು ದೂರ ಹೋದೀತೋ ಅಷ್ಟು ಗೇಣು.
ಮೊಳ ಹೇಳಿಕೊಡಬೇಕಾಗಲಿಲ್ಲ;
ಬಸ್ ಸ್ಟ್ಯಾಂಡಿನೆದುರು ಸೇವಂತಿಗೆ ಮಾರುವವಳ ಮೊಳ
ಬೆಳಿಗ್ಗೆ ಗಿಡ್ಡ,
ಹೂ ಬಾಡುವ ಹೊತ್ತಿಗೆ ಉದ್ದ
ಎಂದು ಅವರಿಗೇ ಗೊತ್ತಿತ್ತು.

ಬೆಂಚು ಅಳೆದರು.
ಮಾನ್ಯಾಳಿಗೆ ಹದಿಮೂರು ಗೇಣು, ಅಫ್ನಾನನಿಗೆ ಹನ್ನೊಂದು,
ನಿಶ್ಚಲ ಎಂಬ, ಕೂತಲ್ಲಿ ಕೂರದ ಹುಡುಗನಿಗೆ
ಒಂದು ಸಲ ಒಂಬತ್ತು, ಒಂದು ಸಲ ಹದಿನೈದು.
ಸುಮೈಯಾ ನಿಧಾನ.
ಸಂದು ಬಿಡದೆ, ಒಂದರ ಮೇಲೊಂದು ಹತ್ತಿಸದೆ,
ಗೇಣಿಗೆ ಗೇಣು ತಾಗಿಸುತ್ತ ಹೋಗಿ
"ಹನ್ನೆರಡು, ಮೇಲೆ ಎರಡು ಬೆರಳು" ಅಂದಳು.
ನನ್ನದು ಏಳೂವರೆ.

"ಯಾರ್ದು ಸರಿ ಮಿಸ್?"
ಎಲ್ಲರದೂ ಅಂದೆ.
ಯಾರೂ ನಂಬಲಿಲ್ಲ.
ನಂಬದಿದ್ದದ್ದೇ ಒಳ್ಳೆಯದಾಯಿತು,
ಮರುದಿನ ಸ್ಕೇಲಿಗೆ ಬೆಲೆ ಬಂತು.

ಮೋಟು ಪೆನ್ಸಿಲ್ ಇಟ್ಟು "ಒಂಬತ್ತು!" ಎಂದು ಕೂಗಿದ ನಿಶ್ಚಲ.
ಸುಮೈಯಾ ಪೆನ್ಸಿಲಿನ ತುದಿ ನೋಡಲಿಲ್ಲ, ಬುಡ ನೋಡಿದಳು.
"ಇಲ್ಲಿ ಎರಡು ಯಾರೋ ತಿಂದುಬಿಟ್ಟಿದ್ದಾರೆ.
ಉಳಿದಿರೋದು ಏಳು."
ಇಲಿ ತಿಂದಿದೆ ಎಂದರು ಕೆಲವರು,
ಹಿಂದಿನ ಮೇಷ್ಟ್ರು ಎಂದರು ಕೆಲವರು.
ಈ ಲೆಕ್ಕ ಇನ್ನೂ ಎರಡು ವರ್ಷ ಆಚೆಯ ಪುಸ್ತಕದಲ್ಲಿತ್ತು.

ಹ್ಯಾಂಗರಿಗೆ ಎರಡು ಚಿಪ್ಪು ಕಟ್ಟಿ ತಕ್ಕಡಿ ಮಾಡಿದ ದಿನ
ಎಲ್ಲರ ಚೀಲದಲ್ಲೂ ಆಲೂಗಡ್ಡೆ.
ಹಾಸನದಲ್ಲಿ ಅದಕ್ಕೇನು ಬರ!
ಸುಮೈಯಾಳ ಅಮ್ಮ ಮಂಡಿಯಲ್ಲಿ ಗೆಡ್ಡೆ ಆರಿಸುವವಳು,
ಗೋಲಿ, ನಡುವಿನದು, ದಪ್ಪ,
ಕಣ್ಣು ಬೇರೆಲ್ಲೋ ಇದ್ದರೂ ಕೈಗೆ ಗೊತ್ತು.
ಮಗಳು ಎರಡು ಅಂಗೈಗೆ ಎರಡು ಗೆಡ್ಡೆ ಇಟ್ಟುಕೊಂಡು
ಕಣ್ಣು ಮುಚ್ಚಿ ತೂಗಿದಳು:
"ಇದು ಅದಕ್ಕಿಂತ ಎರಡು ನೊಣ ಭಾರ."
ಹ್ಯಾಂಗರು ಅತ್ತಲೇ ವಾಲಿತು.
ನನ್ನ ಕೈಪಿಡಿಯಲ್ಲಿ ನೊಣ ಇರಲಿಲ್ಲ,
ಬರೆದುಕೊಂಡೆ.

ಹಾಲಿನ ದಿನ ಜಗಳ.
ಒಂದೇ ಸೌಟು, ಆದರೂ
ಉದ್ದ ಲೋಟದವನಿಗೆ ಜಾಸ್ತಿ ಬಂತೆಂದು
ಅಗಲ ಬಟ್ಟಲಿನ ಮಾನ್ಯಾ ಅತ್ತಳು.
ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಸುರಿದು ತೋರಿಸಿದೆ.
ನೋಡಿದಳು, ಒಪ್ಪಿದಳು,
ಕಣ್ಣೊರೆಸಿಕೊಂಡು
ಉದ್ದ ಲೋಟವೇ ಬೇಕು ಅಂದಳು.

ಫೆಬ್ರವರಿ.
ನನ್ನ ಗುತ್ತಿಗೆ ಮುಗಿಯಲು ಇನ್ನೆಷ್ಟು ವಾರ ಎಂದು
ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸುತ್ತಿದ್ದೆ.
ಊಟದ ಬೆಲ್ಲಾದರೂ ಹೊರಗೆ ಹೋಗದೆ
ಸುಮೈಯಾ ಬೆಂಚಿನ ಮೇಲೆ ಗೇಣು ಹಾಕುತ್ತಿದ್ದಳು,
ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ.
ಆಮೇಲೆ ಹತ್ತಿರ ಬಂದು
ಬೇರೆಯವರಿಗೆ ತಿಳಿದರೆ ಗಾಬರಿಯಾದಾರೆಂಬ ದನಿಯಲ್ಲಿ:
"ಮಿಸ್, ಬೆಂಚು ಸಣ್ಣ ಆಗ್ತಾ ಇದೆ.
ಜೂನಲ್ಲಿ ಹನ್ನೆರಡು, ಮೇಲೆ ಎರಡು ಬೆರಳು.
ಈಗ ಬರೀ ಹನ್ನೊಂದೂವರೆ."

ನಗದೆ, ಎದ್ದು ಹೋಗಿ ನಾನೂ ಅಳೆದೆ.
ಏಳೂವರೆ. ಆಗಲೂ, ಈಗಲೂ.
ಅವಳು ನನ್ನ ಕೈ ನೋಡಿದಳು,
ಬೆಂಚು ನೋಡಿದಳು,
ತನ್ನ ಕೈಯನ್ನು ಮಗುಚಿ ಮಗುಚಿ ನೋಡಿದಳು.
ಹೇಳಿಬಿಡಲೇ ಎಂದು ಬಾಯಿ ತೆರೆದೆ.
ನಿಶ್ಚಲ ಬಾವುಟದ ಕಂಬ ಹತ್ತಿದ್ದಾನೆ ಎಂದು
ಅಷ್ಟರಲ್ಲಿ ಹೊರಗೆ ಕೂಗು, ಓಡಿದೆ.

ಅವನನ್ನು ಇಳಿಸಿ ಬರುವಾಗ ಕ್ಲಾಸು ಖಾಲಿ.
ಬೆಂಚಿನ ಅಂಚಿಗೆ ಒಂದೇ ಒಂದು ಗೇಣು,
ಎರಡು ತುದಿಗೂ ಸೀಮೆಸುಣ್ಣದ ಗೀಟು,
ಪಕ್ಕದಲ್ಲಿ ಇವತ್ತಿನ ತಾರೀಖು.

ಒರೆಸಬೇಡ ಎಂದು
ಗುಡಿಸಲು ಬರುವ ಸಾಕಮ್ಮನಿಗೆ ಹೇಳಬೇಕು.